ರೊಬಸ್ಟಾ ಕಾಫಿಯ ಕಟಿಂಗ್ ಗಿಡ (ಕಡ್ಡಿಗೆ ಬೇರು ಬರಿಸಿ ಮಾಡಿದ್ದು) ನೆಟ್ಟಗೆ ಏಳುತ್ತಿಲ್ಲ, ಎಲೆಯೆಲ್ಲ ಎರಡೇ ಸಾಲಿನಲ್ಲಿ ಬರುತ್ತಿದೆ. ಯಾಕೆ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ಹೊರಗಿನ ಒಂದು ನರ್ಸರಿಯಿಂದ ಸಿ×ಆರ್ (ಕಂಜೆನ್ಸಿಸ್, ರೊಬಸ್ಟಾ ಸೇರಿಸಿ ಮಾಡಿದ ತಳಿ) ಕಟಿಂಗ್ ಗಿಡ ತರಿಸಿ, ಹಳೇ ರೊಬಸ್ಟಾ ಹೋದ ಜಾಗಕ್ಕೆಲ್ಲ ಹಾಕಿಸಿದೆ. ಬೇರು ಚೆನ್ನಾಗಿ ಹಿಡಿದಿದೆ, ಎಲೆ ಹಸಿರಾಗಿದೆ, ರೋಗ ಅಂತ ಏನೂ ಕಾಣುತ್ತಿಲ್ಲ. ಆದರೆ ಸುಮಾರು ಗಿಡ ಮೇಲಕ್ಕೆ ಏಳುತ್ತಲೇ ಇಲ್ಲ. ನೆಲದ ಮೇಲೆ ಅಡ್ಡಡ್ಡ ಹರಡಿಕೊಂಡು ಹೋಗುತ್ತಿವೆ. ಗೂಟ ಹೊಡೆದು ಕಟ್ಟಿಸಿದೆ, ಕಟ್ಟಿದ ಜಾಗದಿಂದ ಮೇಲೆ ಕುಡಿ ಮತ್ತೆ ಪಕ್ಕಕ್ಕೆ ತಿರುಗುತ್ತದೆ.

ಒಂದು ವ್ಯತ್ಯಾಸ ಕಂಡಿದ್ದೇನೆ. ನೆಟ್ಟಗೆ ಎದ್ದ ಗಿಡದಲ್ಲಿ ಎಲೆ ನಾಲ್ಕೂ ದಿಕ್ಕಿಗೆ ಇವೆ. ಮಲಗಿದ ಗಿಡದಲ್ಲಿ ಎಲ್ಲಾ ಎಲೆ ಎಡಕ್ಕೊಂದು ಬಲಕ್ಕೊಂದು, ಚಪ್ಪಟೆಯಾಗಿ. ನರ್ಸರಿಯವರು ನೆರಳು ಜಾಸ್ತಿ ಆಗಿದೆ ಅನ್ನುತ್ತಾರೆ. ಪಕ್ಕದ ತೋಟದವರು ಗೊಬ್ಬರ ಸಾಲದು ಅನ್ನುತ್ತಾರೆ. ಒಂದೇ ನೆರಳು, ಒಂದೇ ಗೊಬ್ಬರ, ಅಕ್ಕಪಕ್ಕದ ಗುಂಡಿ. ಒಂದು ಏಳುತ್ತದೆ, ಇನ್ನೊಂದು ಮಲಗುತ್ತದೆ ಅಂದರೆ ಬೇರೆ ಏನೋ ಇರಬೇಕಲ್ವಾ?

ಬಾಳೆಹೊನ್ನೂರು ಕಡೆ:
ನೆರಳೂ ಅಲ್ಲ, ಗೊಬ್ಬರವೂ ಅಲ್ಲ ಸಾರ್. ಕಡ್ಡಿಯನ್ನು ಅಡ್ಡ ರೆಕ್ಕೆಯಿಂದ ತೆಗೆದಿದ್ದಾರೆ.

ಕಾಫಿ ಗಿಡದಲ್ಲಿ ಎರಡು ಜಾತಿ ಕೊಂಬೆ ಇರುತ್ತವೆ. ನೆಟ್ಟಗೆ ಹೋಗುವ ಕಂಬ ಒಂದು, ಅದರಿಂದ ಅಡ್ಡ ಬರುವ ರೆಕ್ಕೆ ಇನ್ನೊಂದು. ರೆಕ್ಕೆಯಿಂದ ತೆಗೆದ ಕಡ್ಡಿಗೆ ಬೇರು ಬರಿಸಿದರೂ ಅದು ತಾನು ರೆಕ್ಕೆ ಅನ್ನುವುದನ್ನು ಬಿಡುವುದಿಲ್ಲ. ನೆಲದಲ್ಲಿ ನೆಟ್ಟರೂ ಅಡ್ಡವೇ ಹೋಗುತ್ತದೆ. ಅದಕ್ಕೇ ಕಟಿಂಗಿಗೆ ಕಂಬಚಿಗುರನ್ನೇ, ಅಂದರೆ ಕಂಬದಿಂದ ನೆಟ್ಟಗೆ ಏಳುವ ಚಿಗುರನ್ನೇ ತೆಗೆಯಬೇಕು ಅನ್ನುವುದು. ನಾವು ತೋಟದಲ್ಲಿ ಬೇಡ ಅಂತ ಮುರಿದು ಎಸೆಯುತ್ತೇವಲ್ಲ, ಅದೇ ಚಿಗುರು.

ನಿಮ್ಮ ಎಲೆ ಲೆಕ್ಕ ಸರಿಯಾಗಿಯೇ ಇದೆ. ಕಂಬದಲ್ಲಿ ಗೆಣ್ಣಿಗೆ ಎರಡು ಎಲೆ, ಎದುರುಬದುರು. ಕೆಳಗಿನ ಜೊತೆ ಪೂರ್ವ ಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರ ದಕ್ಷಿಣಕ್ಕೆ, ಅದರ ಮೇಲಿನದು ಮತ್ತೆ ಪೂರ್ವ ಪಶ್ಚಿಮಕ್ಕೆ. ಮೇಲಿನಿಂದ ನೋಡಿದರೆ ಕೂಡಿಸುವ ಗುರುತಿನ ಹಾಗೆ ಕಾಣಬೇಕು. ರೆಕ್ಕೆಯಲ್ಲಿ ಎಲ್ಲಾ ಜೊತೆಗಳೂ ಒಂದೇ ಮಟ್ಟಕ್ಕೆ ಬಂದಿರುತ್ತವೆ. ಇನ್ನು ಮೇಲೆ ಗಿಡ ತರುವಾಗ ಪಾಲಿಥೀನ್ ಚೀಲದಲ್ಲಿ ಇರುವಾಗಲೇ ಮೇಲಿನಿಂದ ಬಗ್ಗಿ ನೋಡಿ. ಮೂರ್ನಾಲ್ಕು ಜೊತೆ ಹೊಸ ಎಲೆ ಬಿಟ್ಟಿದ್ದರೆ ಸಾಕು, ಯಾವ ಕಡ್ಡಿ ಅಂತ ಗೊತ್ತಾಗುತ್ತದೆ.

ಮೂಡಿಗೆರೆ ತೋಟ:
ಹಾಗಾದರೆ ಇವನ್ನು ಸರಿ ಮಾಡುವುದು ಹೇಗೆ? ಕುಡಿ ಚಿವುಟಿದರೆ ಕೆಳಗಿನಿಂದ ನೆಟ್ಟಗಿನ ಚಿಗುರು ಬರುತ್ತದಾ?

ಬಾಳೆಹೊನ್ನೂರು ಕಡೆ:
ಬರುವುದಿಲ್ಲ. ರೆಕ್ಕೆಯ ಗೆಣ್ಣಿನಲ್ಲಿರುವ ಕಣ್ಣು (ಚಿಗುರುವ ಮೊಗ್ಗು) ಒಡೆದರೆ ಇನ್ನೊಂದು ಮರಿರೆಕ್ಕೆ, ಇಲ್ಲವೇ ಹೂವು. ಕಂಬ ಬರುವುದಿಲ್ಲ. ಕಿತ್ತು ಬೇರೆ ಹಾಕಿ. ಇನ್ನೂ ಒಂದು ವರ್ಷ ಕಾದರೆ ಆ ಗುಂಡಿಯ ಒಂದು ವರ್ಷ ಹೋಯಿತು, ಅಷ್ಟೇ.

ಸಕಲೇಶಪುರ ಮೆಣಸು:
ಕಾಫಿಯಲ್ಲಿ ಬೇಡ ಅನ್ನುವ ಈ ಗುಣವನ್ನೇ ಮೆಣಸಿನಲ್ಲಿ ನಾವು ಬೇಕು ಅಂತ ಬಳಸುತ್ತೇವೆ. ಪೊದೆ ಮೆಣಸು ಮಾಡುವುದು ಹೀಗೇ.

ಮೆಣಸಿನ ಬಳ್ಳಿಯಲ್ಲಿ ಮರ ಹತ್ತುವ ಕಾಂಡ ಬೇರೆ, ಫಸಲು ಕೊಡುವ ಅಡ್ಡ ಕೊಂಬೆ ಬೇರೆ. ಹತ್ತುವ ಕಾಂಡದಲ್ಲಿ ಗೆಣ್ಣಿಗೊಂದು ಎಲೆ, ಅಲ್ಲೇ ಮರ ಹಿಡಿಯುವ ಬೇರು, ಆ ಎಲೆಯ ಕಂಕುಳಲ್ಲಿ, ಅಂದರೆ ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಒಂದು ಕಣ್ಣು. ಆ ಕಣ್ಣು ಒಡೆದು ಅಡ್ಡ ಕೊಂಬೆ ಆಗುತ್ತದೆ. ಅಡ್ಡ ಕೊಂಬೆಯ ಗೆಣ್ಣಿನಲ್ಲಿ ಮರ ಹಿಡಿಯುವ ಬೇರು ಇರುವುದಿಲ್ಲ, ಆದ್ದರಿಂದ ಅದು ಹತ್ತುವುದೂ ಇಲ್ಲ. ಈ ಅಡ್ಡ ಕೊಂಬೆಯ ಕಡ್ಡಿ ತಂದು ಬೇರು ಬರಿಸಿ ಕುಂಡದಲ್ಲಿಟ್ಟರೆ ಜೀವನಪೂರ್ತಿ ಪೊದೆಯಾಗಿಯೇ ಇರುತ್ತದೆ, ಬೇಗ ತೆನೆಯನ್ನೂ ಬಿಡುತ್ತದೆ. ಸಿಲ್ವರ್ ಓಕ್‌ಗೆ ಹತ್ತಿಸುವ ಬಳ್ಳಿ ಬೇಕಿದ್ದರೆ ಬುಡದಲ್ಲಿ ಹಬ್ಬುವ ಬಳ್ಳಿಯ ಕಡ್ಡಿಯೋ, ಹತ್ತುವ ಕಾಂಡದ ತುದಿಯೋ ಬೇಕು.

ಇನ್ನೊಂದು ವಿಷಯ. ಮೆಣಸಿನ ತೆನೆ ಎಲ್ಲಿ ಬರುತ್ತದೆ ಅಂತ ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಬಹಳ ಗಿಡಗಳಲ್ಲಿ ಹೂವು ಎಲೆಯ ಕಂಕುಳಲ್ಲಿ ಬರುತ್ತದೆ. ಮೆಣಸಿನಲ್ಲಿ ಎಲೆಯ ಎದುರಿಗೆ, ಗೆಣ್ಣಿನ ಆಚೆ ಪಕ್ಕ ಬರುತ್ತದೆ. ಇದು ಯಾಕೆ ಅಂತ ತಿಳಿದವರು ಹೇಳಿ.

ಹಾಸನದ ಮೇಷ್ಟ್ರು:
ಹೇಳುತ್ತೇನೆ, ನನಗೆ ಬಹಳ ಇಷ್ಟವಾದ ವಿಷಯ ಇದು.

ಮೆಣಸಿನ ಅಡ್ಡ ಕೊಂಬೆಯಲ್ಲಿ ತುದಿಯ ಮೊಗ್ಗೇ ತೆನೆಯಾಗಿ ಮುಗಿದು ಹೋಗುತ್ತದೆ. ಆಮೇಲೆ ಅಲ್ಲಿನ ಎಲೆಯ ಕಂಕುಳಿನ ಕಣ್ಣು ಒಡೆದು ಕೊಂಬೆಯನ್ನು ಮುಂದಕ್ಕೆ ಒಯ್ಯುತ್ತದೆ. ಹೊಸ ಕೊಂಬೆ ದಪ್ಪವಾಗಿ ನೇರಕ್ಕೆ ಬಂದು ತೆನೆಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ನಮಗೆ ಕಾಣುವುದು ಒಂದೇ ಕೊಂಬೆ. ನಿಜಕ್ಕೂ ಅದು ಗೆಣ್ಣಿಗೊಂದರಂತೆ ಹೊಸ ಕೊಂಬೆ ಸೇರಿ ಆದದ್ದು. ದ್ರಾಕ್ಷಿ ಬಳ್ಳಿಯ ಕುಡಿಬಳ್ಳಿಗಳೂ ಎಲೆಯ ಎದುರಿಗೇ ಇರುತ್ತವೆ, ನೋಡಿ.

ಮೂಡಿಗೆರೆಯವರ ಗಿಡದ ಬಗ್ಗೆ ಒಂದು ಮಾತು. ರೆಕ್ಕೆಯಲ್ಲಿ ಎಲೆ ಎರಡು ಸಾಲಿನಲ್ಲಿ ಕಂಡರೂ ಅವು ಹುಟ್ಟುವುದು ಕಂಬದಲ್ಲಿ ಹುಟ್ಟುವ ಹಾಗೇ, ಒಂದು ಜೊತೆಗೆ ಇನ್ನೊಂದು ಅಡ್ಡವಾಗಿ. ಆಮೇಲೆ ಕೊಂಬೆ ಬೆಳೆಯುವಾಗ ಗೆಣ್ಣು ಗೆಣ್ಣಿನ ನಡುವಿನ ಕಾಂಡವೇ ತಿರುಚಿಕೊಂಡು ಎಲ್ಲಾ ಎಲೆಗಳನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಎಳೆ ರೆಕ್ಕೆಯನ್ನು ಕೈಯಲ್ಲಿ ಹಿಡಿದು ಸೂಕ್ಷ್ಮವಾಗಿ ನೋಡಿದರೆ ಆ ತಿರುಚು ಕಾಣಿಸುತ್ತದೆ. ಎಲೆಗಳ ಮುಖವೆಲ್ಲ ಬೆಳಕಿನ ಕಡೆಗೆ ಬರುತ್ತದೆ. ಮರದ ನೆರಳಿನಲ್ಲಿ ಬೆಳೆಯುವ ಜಾತಿ ಅಲ್ವಾ, ಬಿದ್ದ ಬಿಸಿಲನ್ನು ಬಿಡುವ ಹಾಗಿಲ್ಲ.

ಅಲ್ಲೇ ಇನ್ನೊಂದು ನೋಡಿ. ಎದುರುಬದುರು ಎಲೆಗಳ ತೊಟ್ಟಿನ ನಡುವೆ, ಕಾಂಡಕ್ಕೆ ಅಂಟಿಕೊಂಡು, ಉಗುರಿಗೆ ಸಿಗುವಷ್ಟು ಸಣ್ಣ ಮುಕ್ಕೋನದ ಸಿಪ್ಪೆ ಇರುತ್ತದೆ. ಕಾಫಿಯ ಕುಟುಂಬಕ್ಕೆ ಇದೇ ಗುರುತು. ಬೇಲಿಯ ಕೇಪಳ ಹೂವಿನ ಗಿಡದಲ್ಲೂ ಸಿಗುತ್ತದೆ.

ಅರಸೀಕೆರೆ ತೆಂಗು:
ಗಿಡದ ಎಲೆಗಳೆಲ್ಲ ಒಂದೇ ಲೆಕ್ಕದಲ್ಲಿ ಬರುತ್ತವೆ, ಒಂದು ಎಲೆಗೂ ಮುಂದಿನದಕ್ಕೂ ನಡುವೆ 137.5 ಡಿಗ್ರಿ ಕೋನ, ಪ್ರಕೃತಿಯ ಎಲ್ಲಾ ಗಿಡದಲ್ಲೂ ಅದೇ ಅಂತ ಒಂದು ವಿಡಿಯೋ ಓಡಾಡುತ್ತಿದೆ. 1, 2, 3, 5, 8, 13 ಅನ್ನುವ ಸರಣಿಯಂತೆ, ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಕಾಫಿಯಲ್ಲಿ ಎದುರುಬದುರು ಅಂದರೆ 180 ಡಿಗ್ರಿ ಆಯಿತು. ಹಾಗಾದರೆ ಆ ವಿಡಿಯೋ ಸುಳ್ಳಾ? ನಮ್ಮ ತೆಂಗಿನ ಬೊಡ್ಡೆಯಲ್ಲಂತೂ ಗರಿ ಬಿದ್ದ ಗುರುತು ಸುತ್ತಿಕೊಂಡು ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ.

ಹಾಸನದ ಮೇಷ್ಟ್ರು:
ಲೆಕ್ಕ ನಿಜ, "ಎಲ್ಲಾ ಗಿಡದಲ್ಲೂ" ಅನ್ನುವುದು ಸುಳ್ಳು. ಆ ಮಾತನ್ನು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ನಮ್ಮ ಹಿತ್ತಲಿನಲ್ಲೇ ಎಷ್ಟು ಬಗೆ ಇದೆ ಅನ್ನುವುದನ್ನು ಅದು ಮುಚ್ಚಿಬಿಡುತ್ತದೆ.

ರಾಗಿ, ಭತ್ತ, ಶುಂಠಿ, ಏಲಕ್ಕಿ ನೋಡಿ. ಒಂದು ಎಲೆ ಈ ಕಡೆ, ಮುಂದಿನದು ಸರಿಯಾಗಿ ಆ ಕಡೆ. ಎರಡೇ ಸಾಲು. ಗದ್ದೆ ಬದುವಿನ ತುಂಗೆ ಹುಲ್ಲಿನ ಕಾಂಡ ಮೂರು ಮೂಲೆಯದು, ಎಲೆಯೂ ಮೂರು ಸಾಲು. ತುಳಸಿ, ಎಕ್ಕ, ಕಾಫಿ, ಇವೆಲ್ಲ ಎದುರುಬದುರು, ಜೊತೆಗೆ ಜೊತೆ ಅಡ್ಡ. ಕಣಗಿಲೆಯಲ್ಲಿ ಗೆಣ್ಣಿಗೆ ಮೂರು ಎಲೆ ಸುತ್ತ ಕೂತಿರುತ್ತವೆ. ಕಾಡಿನ ಹಾಲೆ ಮರಕ್ಕೆ ಸಪ್ತಪರ್ಣಿ ಅನ್ನುತ್ತಾರೆ, ಅದರಲ್ಲಿ ಏಳರ ಆಸುಪಾಸು. ಎಣಿಸಿದರೆ ಐದೂ ಸಿಗಬಹುದು, ಎಂಟೂ ಸಿಗಬಹುದು.

ಇನ್ನು ಸುತ್ತು ಹಾಕಿಕೊಂಡು ಹೋಗುವ ಗಿಡಗಳು. ದಾಸವಾಳದ ಒಂದು ಉದ್ದ ಕೊಂಬೆ ತೆಗೆದುಕೊಳ್ಳಿ. ಕೆಳಗಿನ ಎಲೆಯ ಬುಡಕ್ಕೆ ದಾರ ಕಟ್ಟಿ, ಪ್ರತಿ ಎಲೆಯ ಬುಡವನ್ನೂ ಮುಟ್ಟಿಸಿಕೊಂಡು ಸುತ್ತುತ್ತಾ ಮೇಲೆ ಹೋಗಿ. ದಾರ ಎರಡು ಸುತ್ತು ಬಂದಾಗ ಆರನೇ ಎಲೆ ಮೊದಲನೆಯದರ ನೇರಕ್ಕೆ ಬರುತ್ತದೆ. ಎರಡು ಸುತ್ತಿಗೆ ಐದು ಎಲೆ, ಅಂದರೆ 2/5. ಪರಂಗಿಯಲ್ಲಿ ಮೂರು ಸುತ್ತಿಗೆ ಎಂಟು ಅಂತ ಪಠ್ಯದಲ್ಲಿ ಹೇಳುತ್ತಾರೆ. 1/2, 1/3, 2/5, 3/8, 5/13 ಹೀಗೆ ಮುಂದಕ್ಕೆ ಹೋದಷ್ಟೂ ಎರಡು ಎಲೆಯ ನಡುವಿನ ಕೋನ 137.5ಕ್ಕೆ ಹತ್ತಿರವಾಗುತ್ತದೆ. ಎಲೆಗಳು ಒತ್ತೊತ್ತಾಗಿ ಇರುವ ಕಡೆ ಇದು ಚೆನ್ನಾಗಿ ಕಾಣುತ್ತದೆ. ಅನಾನಸಿನ ಕಣ್ಣುಗಳನ್ನು ಓರೆಯಾಗಿ ಎಣಿಸಿ ನೋಡಿ. ಒಂದು ಕಡೆಗೆ 8 ಸಾಲು, ಇನ್ನೊಂದು ಕಡೆಗೆ 13. ದೊಡ್ಡ ಸೂರ್ಯಕಾಂತಿಯಲ್ಲಿ 34 ಮತ್ತು 55.

ಈ ಸಂಖ್ಯೆಗಳನ್ನು ಇಟಲಿಯ ಫಿಬೊನಾಚಿ 1202ರ ಪುಸ್ತಕದಲ್ಲಿ ಬರೆದ. ಅದಕ್ಕಿಂತ ಮೊದಲೇ ನಮ್ಮ ಛಂದಸ್ಸಿನವರಿಗೆ ಇವು ಗೊತ್ತಿದ್ದವು. ಲಘು ಗುರು ಸೇರಿಸಿ ಇಷ್ಟು ಮಾತ್ರೆಯ ಸಾಲನ್ನು ಎಷ್ಟು ರೀತಿಯಲ್ಲಿ ಕಟ್ಟಬಹುದು ಅಂತ ಲೆಕ್ಕ ಹಾಕುವಾಗ ವಿರಹಾಂಕ, ಆಮೇಲೆ 12ನೇ ಶತಮಾನದಲ್ಲಿ ಹೇಮಚಂದ್ರ, ಇದೇ ಸರಣಿಗೆ ಬಂದಿದ್ದರು.

ಸಕಲೇಶಪುರ ಮೆಣಸು:
ಮೇಷ್ಟ್ರೇ, ಗಿಡಕ್ಕೆ ಕೋನ ಅಳೆಯುವುದು ಹೇಗೆ ಗೊತ್ತಾಗುತ್ತದೆ? ಎಲೆ ಒಂದರ ಮೇಲೊಂದು ನೆರಳು ಬೀಳದಿರಲಿ ಅಂತ ಹೀಗೆ ಅಂತ ಓದಿದ ನೆನಪು.

ಹಾಸನದ ಮೇಷ್ಟ್ರು:
ನೆರಳು ತಪ್ಪುವುದು ಅದರಿಂದ ಸಿಗುವ ಲಾಭ. ಕಾರಣ ಬೇರೆ ಕಡೆ ಇದೆ, ಕುಡಿಯ ತುದಿಯಲ್ಲಿ. ಎಲೆಯ ಜಾಗ ಗೊತ್ತಾಗುವ ಹೊತ್ತಿಗೆ ಅದು ಕಣ್ಣಿಗೆ ಕಾಣದ ಒಂದು ಉಬ್ಬು ಅಷ್ಟೇ, ಮೊಗ್ಗಿನ ಒಳಗೆ, ಬಿಸಿಲು ತಾಗದ ಜಾಗದಲ್ಲಿ.

1868ರಲ್ಲಿ ಜರ್ಮನಿಯ ಹಾಫ್‌ಮೈಸ್ಟರ್ ಒಂದು ಸರಳ ಮಾತು ಹೇಳಿದ. ಹೊಸ ಎಲೆಯ ಉಬ್ಬು ಹಳೇ ಉಬ್ಬುಗಳ ನಡುವೆ ಎಲ್ಲಿ ಜಾಸ್ತಿ ಜಾಗ ಇದೆಯೋ ಅಲ್ಲಿ ಬರುತ್ತದೆ. ಇದನ್ನು 1992ರಲ್ಲಿ ಡೂಆಡಿ, ಕೂಡೆ ಅನ್ನುವ ಇಬ್ಬರು ಫ್ರಾನ್ಸಿನ ಭೌತವಿಜ್ಞಾನಿಗಳು ಗಿಡವೇ ಇಲ್ಲದೆ ತೋರಿಸಿದರು. ಎಣ್ಣೆ ತುಂಬಿದ ತಟ್ಟೆಯ ನಡುವೆ ಆಯಸ್ಕಾಂತ ಗುಣದ ದ್ರವವನ್ನು ಹನಿ ಹನಿಯಾಗಿ ಬಿಟ್ಟರು. ಹನಿಗಳು ಒಂದನ್ನೊಂದು ತಳ್ಳಿಕೊಂಡು ಅಂಚಿಗೆ ಸರಿಯುತ್ತವೆ. ನಿಧಾನವಾಗಿ ಬಿಟ್ಟರೆ ಹನಿಗಳು ಒಂದು ಈ ಕಡೆ, ಮುಂದಿನದು ಆ ಕಡೆ, ಎರಡು ಸಾಲು, ನಮ್ಮ ಶುಂಠಿಯ ಹಾಗೆ. ಬೇಗ ಬೇಗ ಬಿಟ್ಟರೆ ಸುತ್ತು ಶುರುವಾಗಿ ಕೋನ 137.5ರ ಹತ್ತಿರ ಬಂದು ನಿಲ್ಲುತ್ತದೆ. ಹನಿಗೆ ಯಾರೂ ಲೆಕ್ಕ ಹೇಳಿಕೊಟ್ಟಿಲ್ಲ.

ಗಿಡದಲ್ಲಿ ತಳ್ಳುವ ಕೆಲಸ ಮಾಡುವುದು ಆಕ್ಸಿನ್ ಅನ್ನುವ ಬೆಳವಣಿಗೆಯ ರಸ. ಹೊಸ ಉಬ್ಬು ಏಳಲು ಅದು ಬೇಕು. ಎಲ್ಲಿ ಉಬ್ಬು ಬಂದಿದೆಯೋ ಅದು ಸುತ್ತಲಿನ ಆಕ್ಸಿನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಅದರ ಪಕ್ಕದಲ್ಲೇ ಇನ್ನೊಂದು ಬರಲಾಗುವುದಿಲ್ಲ, ದೂರದಲ್ಲಿ ಬರಬೇಕು. ಸಾಸಿವೆ ಜಾತಿಯ ಒಂದು ಸಣ್ಣ ಗಿಡದಲ್ಲಿ 2003ರ ಹೊತ್ತಿಗೆ ಇದನ್ನು ಕಂಡುಕೊಂಡರು. ಕಾಫಿಯಲ್ಲಿ ಎರಡು ಉಬ್ಬು ಒಟ್ಟಿಗೇ ಎದುರುಬದುರು ಏಳುತ್ತವೆ. ಮುಂದಿನ ಎರಡಕ್ಕೆ ಖಾಲಿ ಇರುವ ಜಾಗ ಅಡ್ಡಕ್ಕೆ ಮಾತ್ರ. ಕೂಡಿಸುವ ಗುರುತು ಬಂದದ್ದು ಹೀಗೆ.

ಅರಸೀಕೆರೆ ತೆಂಗು:
ಇದು ತುಂಬಾ ಚೆನ್ನಾಗಿದೆ. ತೆಂಗಿನಲ್ಲಿ ಎಡಸುತ್ತಿನ ಮರ, ಬಲಸುತ್ತಿನ ಮರ ಅಂತ ಇರುತ್ತದೆ ಅಲ್ವಾ? ನಮ್ಮ ಸಾಲಿನಲ್ಲೇ ಎರಡೂ ಇವೆ. ಬೀಜಕ್ಕೆ ಎಡಸುತ್ತಿನ ಮರದ ಕಾಯಿಯನ್ನೇ ಆರಿಸಬೇಕು ಅಂತ ಒಬ್ಬರು ಹೇಳಿದ್ದರು.

ಹಾಸನದ ಮೇಷ್ಟ್ರು:
ಎರಡೂ ಇರುತ್ತವೆ, ಹತ್ತಿರ ಹತ್ತಿರ ಅರ್ಧ ಅರ್ಧ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಟಿ.ಎ. ಡೇವಿಸ್ 1960ರ ದಶಕದಲ್ಲಿ ತೆಂಗಿನ ಸುತ್ತಿನ ಮೇಲೆ ಬಹಳ ಕೆಲಸ ಮಾಡಿದರು. ಎಡಸುತ್ತಿನ ಮರಗಳಲ್ಲಿ ಕಾಯಿ ಸ್ವಲ್ಪ ಜಾಸ್ತಿ ಅಂತ ಅವರೇ ಬರೆದದ್ದು. ಆದರೆ ಸುತ್ತಿನ ದಿಕ್ಕು ಬೀಜದಿಂದ ಇಳಿದು ಬರುವುದಿಲ್ಲ ಅನ್ನುವುದನ್ನೂ ಅವರೇ ತೋರಿಸಿದರು. ಎಡಸುತ್ತಿನ ಮರದ ಕಾಯಿ ಹಾಕಿದರೂ ಸಸಿಯಲ್ಲಿ ಅರ್ಧ ಎಡ, ಅರ್ಧ ಬಲ. ಆದ್ದರಿಂದ ಬೀಜದ ಮರವನ್ನು ಕಾಯಿ, ಕೊಬ್ಬರಿ, ವಯಸ್ಸು ನೋಡಿ ಆರಿಸಿ. ಸುತ್ತು ನೋಡಿ ಆರಿಸುವುದು ಬೇಡ.

ಕೊಪ್ಪ ಅಡಿಕೆ:
ಅಡಿಕೆ, ತೆಂಗಿನ ಮಟ್ಟಿಗೆ ನಾನು ಹೇಳುವುದು ಇಷ್ಟು. ಪ್ರತಿ ಗರಿಯ ಕಂಕುಳಲ್ಲಿ ಒಂದೇ ಹೊಂಬಾಳೆ. ಅಡಿಕೆಯಲ್ಲಿ ಹಾಳೆ ಕಳಚಿ ಬಿದ್ದ ಮೇಲೆ ಅದೇ ಜಾಗದಲ್ಲಿ ಹಿಂಗಾರ, ಅಂದರೆ ಅಡಿಕೆಯ ಹೊಂಬಾಳೆ, ಬಿಚ್ಚಿಕೊಳ್ಳುತ್ತದೆ. ವರ್ಷಕ್ಕೆ ಎಷ್ಟು ಗರಿ ಬರುತ್ತದೋ ಅದಕ್ಕಿಂತ ಜಾಸ್ತಿ ಗೊನೆ ಬರಲು ಸಾಧ್ಯವೇ ಇಲ್ಲ. ಹಾಳೆ ತಟ್ಟೆ ಮಾಡುವವರಿಗೆ ಅಂತ ಹಸಿ ಗರಿಯನ್ನೇ ಎಳೆಯುವುದನ್ನು ಕೆಲವು ಕಡೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಒಳಗಿರುವ ಎಳೆ ಹಿಂಗಾರಕ್ಕೆ ಪೆಟ್ಟು. ತಾನಾಗಿ ಬಿದ್ದ ಹಾಳೆಯೇ ಸಾಕು.

ಹಾಸನ ಆಲೂಗಡ್ಡೆ:
ನಮ್ಮ ಬೆಳೆಯನ್ನೂ ಸೇರಿಸಿಕೊಳ್ಳಿ. ಆಲೂಗಡ್ಡೆ ಬೇರಲ್ಲ, ಕಾಂಡ. ಅದರ ಕಣ್ಣುಗಳೂ ಸುಮ್ನೆ ಎಲ್ಲೆಲ್ಲೋ ಇರುವುದಿಲ್ಲ, ಸುತ್ತಿಕೊಂಡು ಹೋಗುತ್ತವೆ. ಬಳ್ಳಿಗೆ ಅಂಟಿದ್ದ ಬುಡವನ್ನು ಕೆಳಗೆ ಮಾಡಿ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಬುಡದಲ್ಲಿ ಕಣ್ಣು ದೂರ ದೂರ, ತುದಿಯಲ್ಲಿ ಒತ್ತಾಗಿ. ಪ್ರತಿ ಕಣ್ಣಿನ ಕೆಳಗೆ ಹುಬ್ಬಿನಂಥ ಒಂದು ಗೆರೆ ಇರುತ್ತದೆ. ಅದು ಒಂದು ಎಲೆಯ ಗುರುತು, ಬೆಳೆಯದೇ ಉಳಿದ ಸಣ್ಣ ಎಲೆ. ಮೇಲಿನವರು ಹೇಳಿದ "ಎಲೆಯ ಕಂಕುಳಲ್ಲಿ ಕಣ್ಣು" ಅನ್ನುವುದು ಮಣ್ಣಿನ ಒಳಗೂ ಹಾಗೇ ಇದೆ.

ಬಿತ್ತನೆಗೆ ಇದು ಬಹಳ ಮುಖ್ಯ. ಜಲಂಧರ್ ಕಡೆಯಿಂದ ಬಂದ ಗಡ್ಡೆಯನ್ನು ಇಡಿಯಾಗಿ ಇಟ್ಟರೆ ತುದಿಯ ಕಣ್ಣು ಮೊದಲು ಒಡೆದು ಕೆಳಗಿನವನ್ನು ತಡೆಯುತ್ತದೆ. ಕತ್ತರಿಸಿದರೆ ತಡೆ ಹೋಗಿ ಎಲ್ಲಾ ಹೋಳಿನಲ್ಲೂ ಮೊಳಕೆ ಬರುತ್ತದೆ. ಕತ್ತರಿಸುವವರು ಅಡ್ಡಡ್ಡ ಬಿಲ್ಲೆ ಮಾಡಿದರೆ ಬುಡದ ಹೋಳಿಗೆ ಕಣ್ಣೇ ಸಿಗದೆ ಹೋಗಬಹುದು. ತುದಿಯಿಂದ ಬುಡಕ್ಕೆ ಉದ್ದುದ್ದ ಸೀಳಬೇಕು, ಹೋಳಿಗೆ ಎರಡು ಕಣ್ಣಾದರೂ ಇರಬೇಕು. ಗೆಣಸಿನಲ್ಲಿ ಈ ಸಾಲು ಹುಡುಕಬೇಡಿ. ಅದು ಬೇರು.

ಚಿಕ್ಕಮಗಳೂರು ಅಮ್ಮ:
ಒಂದು ಪ್ರಶ್ನೆ ಕೇಳಬಹುದಾ? ಮಗಳು ಏಳನೇ ಕ್ಲಾಸು. ಎಲೆಗಳನ್ನು ಒಣಗಿಸಿ ಅಂಟಿಸಿ, ಒಂಟಿ ಎಲೆ ಯಾವುದು, ಸಂಯುಕ್ತ ಎಲೆ ಯಾವುದು ಬರೆಯಬೇಕಂತೆ. ಕರಿಬೇವು ಸಂಯುಕ್ತ ಅಂತ ಗೊತ್ತು. ನೆಲ್ಲಿಯೂ ನೋಡಲು ಹಾಗೇ ಇದೆ, ಕಡ್ಡಿಯ ಎರಡೂ ಕಡೆ ಸಣ್ಣ ಸಣ್ಣ ಎಲೆ, ಬೀಳುವಾಗಲೂ ಕಡ್ಡಿ ಸಮೇತ ಬೀಳುತ್ತದೆ. ಮೇಲೆ ಹೇಳಿದ ಕಣ್ಣಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದಾ?

ಹಾಸನದ ಮೇಷ್ಟ್ರು:
ಬರುತ್ತದೆ ಅಮ್ಮ, ಅದೊಂದೇ ನಂಬುವಂಥ ಲೆಕ್ಕ. ಕರಿಬೇವಿನ ಚಿಕ್ಕ ಎಲೆಯ ಬುಡದಲ್ಲಿ ಕಣ್ಣು ಇರುವುದಿಲ್ಲ. ಇಡೀ ಕಡ್ಡಿ ಕೊಂಬೆಗೆ ಸೇರುವ ಜಾಗದಲ್ಲಿ ಮಾತ್ರ ಇರುತ್ತದೆ. ಅಂದರೆ ಆ ಕಡ್ಡಿ ಪೂರ್ತಿ ಒಂದೇ ಎಲೆ. ನೆಲ್ಲಿಯಲ್ಲಿ ಹೂವು, ಕಾಯಿ ಬರುವುದು ಆ ಸಣ್ಣ ಎಲೆಗಳ ಕಂಕುಳಲ್ಲೇ. ಹೂವು ಎಲೆಯ ಮೇಲೆ ಬರುವುದಿಲ್ಲ, ಕಾಂಡದ ಮೇಲೆ ಬರುತ್ತದೆ. ಆದ್ದರಿಂದ ನೆಲ್ಲಿಯ ಕಡ್ಡಿ ಒಂದು ಕೊಂಬೆ, ಅದರ ಮೇಲಿನ ಪ್ರತಿಯೊಂದೂ ಒಂಟಿ ಎಲೆ. ಮಗಳಿಗೆ ಅಂಗಳದ ಕಿರುನೆಲ್ಲಿಯನ್ನು ಕಿತ್ತು ಮಗುಚಿ ತೋರಿಸಿ. ಕಡ್ಡಿಯ ಕೆಳಗೆ ಎಲೆಗೊಂದು ಎಲೆಗೊಂದು ಹಸಿರು ಗುಂಡು ಸಾಲಾಗಿ ನೇತಾಡುತ್ತಿರುತ್ತವೆ.

ಆಲ್ದೂರು ರೈಟರ್:
ಕಾಫಿಗೆ ವಾಪಸ್ ಬರುತ್ತೇನೆ. ಕಂಬದ ಪ್ರತಿ ಎಲೆಯ ಕಂಕುಳಲ್ಲಿ ಒಂದರ ಕೆಳಗೊಂದು ಕಣ್ಣುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನದು ರೆಕ್ಕೆಯಾಗುತ್ತದೆ, ಅದು ಒಂದೇ ಒಂದು. ಕೆಳಗಿನವೆಲ್ಲ ಕಂಬಚಿಗುರು. ಆದ್ದರಿಂದ ಕಂಬಚಿಗುರನ್ನು ಎಷ್ಟು ಸಲ ಮುರಿದರೂ ಮತ್ತೆ ಬರುತ್ತದೆ, ಆದರೆ ಕಂಬದಿಂದ ಬಂದ ರೆಕ್ಕೆಯನ್ನು ಬುಡಕ್ಕೆ ಕಡಿದರೆ ಆ ಗೆಣ್ಣಿನಲ್ಲಿ ಇನ್ನೊಂದು ರೆಕ್ಕೆ ಬರುವುದಿಲ್ಲ. ಕಪಾತಿನ (ಗಿಡ ಸವರುವ) ಹೊತ್ತಿಗೆ ಹೊಸ ಆಳುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಏಣಿ ಒರಗಿಸಿ ಮೆಣಸು ಕೊಯ್ಯುವಾಗ ಮುರಿದ ರೆಕ್ಕೆಯೂ ಹೋದ ಹಾಗೇ. ಗಿಡದಲ್ಲಿ ಒಂದು ಪಕ್ಕ ಬೋಳಾದರೆ ತುಂಬಿಸಲು ಉಳಿಯುವ ದಾರಿ, ಒಂದು ಒಳ್ಳೆ ಕಂಬಚಿಗುರನ್ನು ಬೆಳೆಸಿ ಅದರ ರೆಕ್ಕೆಯಿಂದ ತುಂಬಿಸುವುದು.

ಮೂಡಿಗೆರೆ ತೋಟ:
ಎಲ್ಲರಿಗೂ ಧನ್ಯವಾದ. ಇವತ್ತು ಸಾಲು ಸಾಲಾಗಿ ನೋಡಿಕೊಂಡು ಬಂದೆ. ಮಲಗಿದ ಗಿಡಗಳೆಲ್ಲ ರೆಕ್ಕೆ ಕಡ್ಡಿಯವೇ. ಮುಂಗಾರಿಗೆ ಮುಂಚೆ ತೆಗೆಸುತ್ತೇನೆ. ನರ್ಸರಿಯವರಿಗೆ ಫೋಟೋ ಕಳಿಸಿದ್ದೇನೆ, ಬದಲು ಗಿಡ ಕೇಳುತ್ತೇನೆ. ಕೊಡದಿದ್ದರೆ ನಾನೇ ಮಾಡಿಕೊಳ್ಳುವುದು. ನಮ್ಮಲ್ಲಿ ಒಂದು ಹಳೇ ಗಿಡ ಪ್ರತಿ ವರ್ಷ ಒಂದೇ ಸಮ ಕಾಯಿ ಬಿಡುತ್ತದೆ. ಅದೊಂದರಿಂದಲೇ ಎಲ್ಲಾ ಕಡ್ಡಿ ತೆಗೆದರೆ ಆಗುತ್ತದಾ?

ಬಾಳೆಹೊನ್ನೂರು ಕಡೆ:
ಒಂದರಿಂದಲೇ ಬೇಡ. ರೊಬಸ್ಟಾ ಜಾತಿ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ, ಅರೇಬಿಕಾದ ಹಾಗಲ್ಲ. ಒಂದೇ ಗಿಡದ ಕಡ್ಡಿಯೆಲ್ಲ ಒಂದೇ ಗಿಡದ ಲೆಕ್ಕ. ಅಷ್ಟೂ ಜಾಗಕ್ಕೆ ಅದನ್ನೇ ಹಾಕಿದರೆ ಹೂ ಮಳೆಗೆ ತೋಟ ಬೆಳ್ಳಗಾದರೂ ಕಾಯಿ ನಿಲ್ಲುವುದು ಕಷ್ಟ. ಮೂರ್ನಾಲ್ಕು ಒಳ್ಳೆ ಗಿಡ ಗುರುತು ಮಾಡಿಕೊಂಡು ಬೆರೆಸಿ ಹಾಕಿ.

ಕಂಬಚಿಗುರು ಜಾಸ್ತಿ ಬೇಕಿದ್ದರೆ ಆ ಗಿಡದ ಕಂಬವನ್ನು ನಿಧಾನವಾಗಿ ಬಗ್ಗಿಸಿ ಗೂಟಕ್ಕೆ ಕಟ್ಟಿ. ಬಗ್ಗಿದ ಕಂಬದ ಗೆಣ್ಣು ಗೆಣ್ಣಿನಿಂದ ನೆಟ್ಟಗೆ ಚಿಗುರು ಏಳುತ್ತವೆ. ತೀರ ಎಳೆಯದೂ ಬೇಡ, ಕಂದು ಬಣ್ಣ ತಿರುಗಿದ್ದೂ ಬೇಡ, ಹಸಿರಾಗಿ ಗಟ್ಟಿಯಾದದ್ದು ಆಗಬೇಕು. ಒಂದು ಗೆಣ್ಣಿಗೆ ಒಂದು ಕಡ್ಡಿ, ಎರಡೂ ಎಲೆಯನ್ನು ಅರ್ಧಕ್ಕೆ ಕತ್ತರಿಸಿ ಬಿಡಿ. ಎಲೆಯನ್ನು ಬುಡಕ್ಕೆ ಕೀಳಬೇಡಿ, ಕಂಕುಳಿನ ಕಣ್ಣು ಅದರ ಜೊತೆಗೇ ಹರಿದು ಬರುತ್ತದೆ. ಆ ಕಣ್ಣೇ ಮುಂದಿನ ಗಿಡ.